ಹನುಮಕ್ಕನ ಚಪ್ಪಲಿ, ಕಂಟ್ರಾಕ್ಟರರ ಬೂಟು

ಅದಕ್ಕೇ ಗೆಳೆಯರೇ, ಸರಕಾರಿ ಆಸ್ಪತ್ರೆ ಎಂದರೆ ಮೂಗು ಮುರಿಯಬೇಡಿ ಎಂದು ನಿನ್ನೆ ಬರೆದದ್ದು. ಇವತ್ತು ಹೊಸಪೇಟೆಯ ಸರಕಾರಿ ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರಿಗಾಗಿ ಕಾಯುತ್ತಿದ್ದೆವು. ನಮ್ಮ ಬಿಸಿಲಿಗೆ ಪಾಳಿಯಲ್ಲಿ ನಿಲ್ಲುವವರಾರು? ನಮ್ಮ ಬದಲಿಗೆ ಚಪ್ಪಲಿ ಸಾಲಾಗಿ ಬಿಟ್ಟು ಬೇವಿನ ನೆರಳಲ್ಲಿ ಕೂತಿದ್ದೆವು. ಮೊದಲ ಜೋಡಿ ಮೆಟ್ರಿ ಹಳ್ಳಿಯ ಹನುಮಕ್ಕನದು. ಅವಳ ಒಂದು ಕಣ್ಣು ಹೋಗಿದೆ. ಇವತ್ತು ಡಾಕ್ಟರು ನೋಡದಿದ್ದರೆ ಇನ್ನೊಂದರ ಆಪರೇಷನ್ ನಾಳೆ ಆಗುವುದಿಲ್ಲ.

ಕಾರಿನಿಂದ ಇಳಿದ ಮೈನ್ಸ್ ಕಂಟ್ರಾಕ್ಟರರೊಬ್ಬರು ಅವಳ ಚಪ್ಪಲಿಯನ್ನು ಕಾಲಿನಿಂದ ಸರಿಸಿ ಬಾಗಿಲಲ್ಲಿ ನಿಂತರು.

"ಯಪ್ಪಾ, ಅದು ಚಪ್ಪಲಿ ಅಲ್ರೀ, ನಾನು!" ಎಂದಳು ಹನುಮಕ್ಕ.

"ನಂಗ ಜಲ್ದಿ ಐತಿ ಯವ್ವಾ."

"ನನ್ನ ಕಣ್ಣಿಗೂ ಜಲ್ದಿ ಐತ್ರೀ, ಒಂದ ಉಳದೈತಿ."

ನಾನು ಎದ್ದು ಬಿ.ಎ. ಕಾಲದ ಇಂಗ್ಲಿಷ್ ತೆಗೆದೆ: "ಈಕ್ವಾಲಿಟಿ ಬಿಫೋರ್ ದಿ..." ಮುಂದಿನದು ನೆನಪಾಗಲಿಲ್ಲ. "ಡಾಕ್ಟರ್!" ಎಂದು ಮುಗಿಸಿದೆ.

ಒಳಗಿನಿಂದ ಡಾಕ್ಟರಮ್ಮ ನಕ್ಕರು. "ಕರೆಕ್ಟ್ ಹೇಳಿದ್ರಿ. ಸಾಹೇಬ್ರ, ನಿಮ್ಮ ಬೂಟೂ ಪಾಳಿಗೆ ಹಚ್ರಿ. ಹನುಮಕ್ಕ, ಒಳಗ ಬಾರವ್ವಾ."

ನಾಳೆ ಅವಳ ಕಣ್ಣಿಗೆ ಪುಕ್ಕಟೆ ಆಪರೇಷನ್. ಸಾಲಿನ ತುದಿಯಲ್ಲಿ ಹೊಳೆಯುತ್ತಿದ್ದ ಆ ಬೂಟುಗಳನ್ನು ಕಂಡು ನನ್ನ ಎದೆ ಉಬ್ಬಿತು. ಲೋಕದ ಎಲ್ಲ ಆಸ್ಪತ್ರೆಗಳ ಮುಂದೆಯೂ ಇಂಥದೊಂದು ಸಾಲಿರಲಿ. ನಮ್ಮಾಕೆ ಇದ್ದಿದ್ದರೆ, "ಭಾಷಣ ಸಾಕು, ದೀಪ ಹಚ್ರಿ" ಎನ್ನುತ್ತಿದ್ದಳು. ಹೌದಲ್ಲ, ಮನೆಯಲ್ಲಿ ಇದನ್ನು ಬರೆಯುತ್ತ ಕೂತವನಿಗೆ ಕಿಟಕಿಯಲ್ಲಿ ಬೆಳಕೇ ಉಳಿದಿಲ್ಲ.