ರಾಣಿಗೆ ಸಿಟ್ಟು ಬಂದಿದ್ದು ಯಾಕೆ

ಮೊಬೈಲ್ ಗೇಮೊಂದರ ರಾಣಿಗೆ ನಾನು ದನಿ ಕೊಟ್ಟಿದ್ದೆ. ಮೊದಲ ಭಾಗದಲ್ಲಿ ಮೃದುವಾಗಿದ್ದ ರಾಣಿ ಎರಡನೆಯದರಲ್ಲಿ ಗದರತೊಡಗಿದಳು. ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಬಸ್ಸಿನಲ್ಲಿ ಪಕ್ಕದವನು ಅದನ್ನೇ ಆಡುತ್ತಿದ್ದ. ನಾನು ಇಣುಕಿದ್ದು ಕಂಡು ಹೇಳಿದ: “ಇವ್ಳು ಅಸಲಿ ರಾಣಿ ಅಲ್ಲ ಮೇಡಂ, ಅವಳಿ ತಂಗಿ. ಅಕ್ಕನ್ನ ಸೆರೆಯಲ್ಲಿಟ್ಟಿದ್ದಾಳೆ. ಫ್ಯಾನ್ಸ್ ಎಲ್ಲ ಕಂಡುಹಿಡಿದಿದ್ದೀವಿ.”

“ತಂಗಿಯೂ ಇಲ್ಲ, ಸೆರೆಯೂ ಇಲ್ಲ. ರೆಕಾರ್ಡಿಂಗ್ ದಿನ ಸಂಜಯನಗರದ ಸ್ಟುಡಿಯೋ ಪಕ್ಕ ಬೋರ್‌ವೆಲ್ ಕೊರೀತಿದ್ರು, ಆ ಸದ್ದಲ್ಲೂ ಕೇಳಿಸ್ಲಿ ಅಂತ ಕಿರುಚಿದೆ. ಆ ರಾಣಿ ನಾನೇ ಕಣ್ರೀ.”

“ಗೇಮ್ ಆಡಿದ್ದೀರಾ?”

“ಇಲ್ಲ.”

“ಅದಕ್ಕೇ,” ಎಂದು ನಕ್ಕ.

ನನಗೆ ಮೈಯೆಲ್ಲ ಉರಿಯಿತು. ಬಸ್ಸಿನವರೆಲ್ಲ ತಿರುಗುವಂತೆ ರಾಣಿಯ ದನಿಯಲ್ಲೇ ಗದರಿದೆ: “ಯಾರಲ್ಲಿ! ಈ ಮೂರ್ಖನನ್ನು ಹೊರಗೆ ದಬ್ಬಿ!”

ಅವನು ತಲೆದೂಗಿದ. “ಮಿಮಿಕ್ರಿ ಪರವಾಗಿಲ್ಲ ಮೇಡಂ. ಆದ್ರೆ ಒರಿಜಿನಲ್ ಬೇರೆ ಬಿಡಿ.”

ಅಭಿಮಾನಿಗಳು ದೇವರಂತೆ. ನಿಜವೇ, ನಾವು ಹೇಳಿದ್ದು ಇಬ್ಬರಿಗೂ ಕೇಳಿಸುವುದಿಲ್ಲ.