ಫೋನಿನೊಳಗಿನ ಸೊಸೆ

ಹಳೇಬೀಡಿನ ಬಸ್ ನಿಲ್ದಾಣದ ಎದುರು ನನ್ನದೊಂದು ಮೊಬೈಲ್ ಅಂಗಡಿ ಇದೆ. ನನ್ನ ಹೆಸರು ದೇವೀರಪ್ಪ. ದೇವಸ್ಥಾನ ನೋಡಲು ಬಂದವರು ನನ್ನ ಹತ್ತಿರ ಚಾರ್ಜರ್ ಕೇಳುತ್ತಾರೆ, ಬೇಲೂರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುತ್ತಾರೆ, ಶೌಚಾಲಯ ಎಲ್ಲಿದೆ ಎಂದು ಕೇಳುತ್ತಾರೆ. ಫೋನು ಮಾತ್ರ ಕೇಳುವುದಿಲ್ಲ. ಫೋನು ಕೊಳ್ಳುವವರು ಸುತ್ತಲಿನ ಹಳ್ಳಿಯವರು, ಅವರಿಗೆ ಬೇಕಾದದ್ದು ತಾರೋ ಕಂಪನಿಯ ಫೋನು. ಈಗ ನಾನು ಹೇಳಹೊರಟಿರುವುದು ನನ್ನ ಅಂಗಡಿಯಲ್ಲಿ ಕೆಲಸ ಮಾಡುವ ಮಾಲಿನಿಯ ವಿಷಯ. ಆದರೆ ತಾರೋ ಕಂಪನಿಯನ್ನು ಪಕ್ಕಕ್ಕಿಟ್ಟು ಅವಳ ಕಥೆ ಹೇಳಲು ಆಗುವುದಿಲ್ಲ.

ತಾರೋ ಶುರುವಾದಾಗ ಅದು ಪೀಣ್ಯದಲ್ಲಿ ಒಂದು ತಗಡಿನ ಶೆಡ್ಡು. ಅಣ್ಣತಮ್ಮಂದಿರಿಬ್ಬರು ಬಿಡಿಭಾಗ ತರಿಸಿ, ಜೋಡಿಸಿ, ಬಟನ್ ಫೋನು ಮಾಡುತ್ತಿದ್ದರು. ಟಾರ್ಚು ದೊಡ್ಡದು, ಸ್ಪೀಕರು ಜೋರು, ಒಮ್ಮೆ ಚಾರ್ಜ್ ಮಾಡಿದರೆ ವಾರ ಬರುತ್ತಿತ್ತು. ತೆಂಗಿನ ಮರದ ಬುಡದಲ್ಲಿಟ್ಟ ಫೋನು ರಿಂಗಾದರೆ ಮರದ ಮೇಲಿದ್ದವನಿಗೆ ಕೇಳಿಸುತ್ತಿತ್ತು. ಒಂದು ಫೋನಿನಿಂದ ಮನುಷ್ಯ ಇದಕ್ಕಿಂತ ಹೆಚ್ಚು ಏನು ಬಯಸಬೇಕು ಎಂಬುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಓದಲು ಬಾರದವರಿಗಾಗಿ ಕಂಪನಿಯವರು ಫೋನು ಮಾತಾಡುವ ವ್ಯವಸ್ಥೆ ಮಾಡಿದರು. ಒಂದು ಒತ್ತಿದರೆ ಅದು ಒಂದು ಎನ್ನಬೇಕು, ಎರಡು ಒತ್ತಿದರೆ ಎರಡು. ಒಳ್ಳೆಯ ಯೋಚನೆಯೇ. ಆದರೆ ದನಿ ಕೊಟ್ಟವನು ಯಾವನೋ ನಾಟಕದ ರಾಜನಂಥವನು. ಬ್ಯಾಟರಿ ಮುಗಿಯುತ್ತಾ ಬಂದರೆ "ವಿದ್ಯುತ್ ಕೋಶವು ಕ್ಷೀಣಿಸುತ್ತಿದೆ" ಎಂದು ಗಂಭೀರವಾಗಿ ಘೋಷಿಸುತ್ತಿದ್ದ. ನಮ್ಮ ಗಿರಾಕಿಯೊಬ್ಬರು ಯಾರೋ ದೊಡ್ಡವರು ತೀರಿಕೊಂಡರೆಂದು ಕೆಲಸ ಬಿಟ್ಟು ಮನೆಗೆ ಹೋಗಿದ್ದರು. ಹಾಸನದಲ್ಲಿ ನಡೆದ ಡೀಲರುಗಳ ಸಭೆಯಲ್ಲಿ ನಾನು ಎದ್ದು ನಿಂತು ಇದನ್ನು ಹೇಳಿದೆ. ಸ್ವಲ್ಪ ಜೋರಾಗಿಯೇ ಹೇಳಿದೆನಂತೆ. ಸಿಟ್ಟಾದ ಸೇಲ್ಸ್ ಆಫೀಸರ್, "ಹಾಗಾದ್ರೆ ನೀವೇ ಮಾಡಿ ಕಳಿಸಿ" ಎಂದರು. ಆಗ ಕಂಪನಿ ಅಷ್ಟು ಚಿಕ್ಕದಿತ್ತು.

ಮಾಲಿನಿ ಅಂಗಡಿಗೆ ಸೇರಿ ಕೆಲವು ತಿಂಗಳಾಗಿತ್ತು. ಗಂಡಸಿ ಎಂಬ ಊರಿನ ಹುಡುಗಿ, ಡಿಗ್ರಿ ಮುಗಿಸಿದ್ದಳು. ಗಿರಾಕಿ ಎಂಥ ತಲೆಹರಟೆಯವನಾದರೂ ಅವಳ ದನಿ ಏರುತ್ತಿರಲಿಲ್ಲ. ನನ್ನದು ಏರುತ್ತದೆ, ಆದ್ದರಿಂದ ಗಮನಿಸಿದ್ದೆ. ಟಿವಿ ಡಬ್ಬಗಳನ್ನಿಡುವ ಹಿಂದಿನ ಕೋಣೆಯಲ್ಲಿ ಬಾಗಿಲಿಗೆ ಕಂಬಳಿ ಕಟ್ಟಿ, ಬಸ್ಸುಗಳ ಹಾರ್ನು ನಿಂತಾಗಲೆಲ್ಲ ಅವಳಿಂದ ಒಂದೊಂದೇ ಮಾತು ಹೇಳಿಸಿ ರೆಕಾರ್ಡ್ ಮಾಡಿದೆ. "ಬ್ಯಾಟ್ರಿ ಖಾಲಿ ಆಗ್ತೈತೆ, ಚಾರ್ಜಿಗೆ ಹಾಕಿ." "ಮೆಸೇಜ್ ಬಂದೈತೆ." ಅಲಾರಮ್ಮಿಗೆ ಏನು ಹೇಳಬೇಕೆಂದು ಕಂಪನಿಯವರು ತಿಳಿಸಿರಲಿಲ್ಲ. ಅವಳೇ ಯೋಚಿಸಿ, "ಎದ್ದೇಳಿ, ಹೊತ್ತಾಯ್ತು" ಎಂದಳು. ಕಂಪನಿ ಅದನ್ನೆಲ್ಲ ಹಾಗೆಯೇ ಫೋನಿಗೆ ತುಂಬಿತು. ಅವಳಿಗೆ ತಾರೋ ಎಂದು ಬರೆದ ಒಂದು ಗೋಡೆ ಗಡಿಯಾರ ಕಳಿಸಿತು. ಅದು ಮಾತಾಡುತ್ತಿರಲಿಲ್ಲ.

ಆಮೇಲೆ ಕಂಪನಿ ಬೆಳೆದ ರೀತಿ ನೋಡಬೇಕಿತ್ತು. ತುಮಕೂರು, ಮಂಡ್ಯ, ಚಾಮರಾಜನಗರ, ಎಲ್ಲ ಕಡೆ ಮಾಲಿನಿ ಮಾತಾಡಿದಳು. ಶೆಡ್ಡು ಹೋಗಿ ಕಾರ್ಖಾನೆ ಬಂತು. ತಾರೋ ಟಿವಿ ಬಂತು, ತಾರೋ ಗಡ್ಡ ಟ್ರಿಮ್ಮರ್ ಬಂತು, ಕಿವಿಗೆ ಸಿಕ್ಕಿಸಿಕೊಳ್ಳುವ ಕಡಲೆಕಾಳಿನಂಥದ್ದು ಬಂತು. ಸಂತೆಯಲ್ಲಿ ಯಾರದೋ ಜೇಬಿನಿಂದ ತನ್ನದೇ ದನಿ ಕೇಳಿದಾಗ ಮಾಲಿನಿ ತಲೆ ತಗ್ಗಿಸಿಕೊಂಡು ಸೊಪ್ಪು ಆರಿಸುತ್ತಿದ್ದಳು.

ಇಷ್ಟು ಜನರ ಮನೆಯೊಳಗೆ ಮಾತಾಡುತ್ತಿದ್ದ ಅವಳನ್ನು ಒಂದು ಮನೆಯಲ್ಲಿ ಮಾತ್ರ ಯಾರೂ ಮಾತಾಡಿಸುತ್ತಿರಲಿಲ್ಲ. ಅದು ಅವಳ ಗಂಡನ ಮನೆ.

ಗಂಡ ಗುರುಮೂರ್ತಿ ಕಣಕಟ್ಟೆಯವನು. ಅರಸೀಕೆರೆ ಕಾಲೇಜಿನಲ್ಲಿ ಇಬ್ಬರೂ ಜೊತೆಗೆ ಓದಿದವರು. ಅವನಿಗೆ ಹಳೇಬೀಡಿನ ಸೊಸೈಟಿಯಲ್ಲಿ ಕೆಲಸ ಸಿಕ್ಕ ಮೇಲೆ ರಿಜಿಸ್ಟರ್ ಮದುವೆಯಾದರು. ಅವನು ಕುರುಬರವನು. ಅವಳದು ಅಜ್ಜನ ಕಾಲದಲ್ಲಿ ಬೌದ್ಧರಾದ ಕುಟುಂಬ, ಅಪ್ಪ ಹೈಸ್ಕೂಲ್ ಮೇಷ್ಟ್ರು. ಅಪ್ಪ ಮೇಷ್ಟ್ರಾದರೂ ಕಣಕಟ್ಟೆಗೆ ಕಾಣಿಸಿದ್ದು ಅಜ್ಜನಿಗಿಂತ ಹಿಂದಿನದು. ಕಾರಣ ಜಾತಿ. ಇದನ್ನು ಸುತ್ತಿ ಬಳಸಿ ಹೇಳುವವರಿದ್ದಾರೆ, ನನಗೆ ಅಷ್ಟು ತಾಳ್ಮೆ ಇಲ್ಲ. ಗುರುಮೂರ್ತಿಯ ತಾಯಿ ಬೀರಮ್ಮ ಬೈಯಲಿಲ್ಲ, ಅಳಲಿಲ್ಲ, ಮಾತು ಬಿಟ್ಟರು.

ನಮ್ಮ ಕಡೆ ಮಾತು ಬಿಡುವುದು ಎಂದರೆ ಸುಮ್ಮನಿರುವುದಲ್ಲ. ಅದಕ್ಕೆ ರೀತಿನೀತಿ ಇದೆ. ಹೇಳಬೇಕಾದದ್ದನ್ನು ಎದುರಿಗಿರುವವರನ್ನು ಬಿಟ್ಟು ಮಿಕ್ಕ ಯಾರಿಗಾದರೂ ಹೇಳಬಹುದು. ಯಾರೂ ಇಲ್ಲದಿದ್ದರೆ ದನಕ್ಕೆ, ದನವೂ ಇಲ್ಲದಿದ್ದರೆ ಗೋಡೆಗೆ. ಮೊದಲು ಬಾಯಿ ಬಿಟ್ಟವರು ಸೋತ ಹಾಗೆ. ಮದುವೆಯಾಗಿ ಇಬ್ಬರೂ ಬಾಗಿಲಿಗೆ ಹೋಗಿ ನಿಂತಾಗ ಬೀರಮ್ಮ ಕೊಟ್ಟಿಗೆಯ ಹಸುವಿಗೆ, "ಅವ್ಳ ಕೈಯಿಂದ ನಂಗೆ ಒಂದ್ಲೋಟ ನೀರೂ ಬ್ಯಾಡ" ಎಂದರಂತೆ. ಮಾಲಿನಿ ಆ ಹಸುವಿಗೇ ಕೈಮುಗಿದು, "ಹೋಗ್ಬರ್ತೀವಿ" ಎಂದು ಹೇಳಿ ಬಂದಳಂತೆ. ಇದನ್ನು ನನಗೆ ಹೇಳುವಾಗ ಅವಳು ನಕ್ಕಳು. ನನಗೆ ನಗು ಬರಲಿಲ್ಲ.

"ಒಂದೇ ಒಂದ್ಸಲ ನನ್ನ ಮುಖ ನೋಡಿ ಏನಾದ್ರೂ ಕೇಳಿದ್ರೆ ಸಾಕಣ್ಣ" ಎನ್ನುತ್ತಿದ್ದಳು. "ಬೈದ್ರೂ ಪರ್ವಾಗಿಲ್ಲ."

ಮಾವ ಕೆಂಚಯ್ಯನವರು ಮಾತು ಬಿಟ್ಟಿರಲಿಲ್ಲ. ಆದರೆ ಮಾತಾಡುತ್ತಿರುವುದು ಹೆಂಡತಿಗೆ ತಿಳಿಯಬಾರದಿತ್ತು. ಕುರಿ ನೋಡಿಬರುತ್ತೇನೆಂದು ಹೇಳಿ, ಅರಸೀಕೆರೆಯಲ್ಲಿ ಬಸ್ಸು ಬದಲಾಯಿಸಿ, ಹಳೇಬೀಡಿಗೆ ಬಂದು ಮಗ ಸೊಸೆಯನ್ನು ನೋಡಿಕೊಂಡು ಹೋಗುತ್ತಿದ್ದರು. ಇಷ್ಟು ಕುರಿ ನೋಡಿದವರ ಹಟ್ಟಿಗೆ ಒಂದು ಮರಿಯೂ ಹೊಸದಾಗಿ ಬರಲಿಲ್ಲ. ಬೀರಮ್ಮ ಅದನ್ನು ಕೇಳಲೂ ಇಲ್ಲ.

ಒಂದು ದಿನ ಅಂಗಡಿಗೆ ಬಂದ ಕೆಂಚಯ್ಯನವರು ಮೆಲ್ಲಗೆ, "ದೇವೀರಪ್ಪ, ನಮ್ಮುಡುಗಿ ಮಾತಾಡೋ ಫೋನ್ ಒಂದು ಕೊಡು. ನಮ್ಮನೆಯವಳಿಗೆ" ಎಂದರು. ದನಿ ಯಾರದೆಂದು ಹೇಳುತ್ತೀರಾ ಎಂದು ಕೇಳಿದೆ. "ನಂಗೇನ್ ತಲೆ ಕೆಟ್ಟೈತಾ?" ಎಂದರು.

ಬೀರಮ್ಮನಿಗೆ ಅಕ್ಷರ ಬಾರದು. ಅರಸೀಕೆರೆಯಲ್ಲಿರುವ ಮಗಳಿಗೆ ಫೋನು ಹಚ್ಚಬೇಕಾದರೆ ಒಂದೊಂದು ಅಂಕಿಯನ್ನೂ ಫೋನು ಹೇಳಿದ ಮೇಲೆಯೇ ಮುಂದಿನದು. ಹೀಗಾಗಿ ಅವರ ದಿನದ ಹೆಚ್ಚಿನ ಮಾತುಕತೆ ಮಾಲಿನಿಯ ಜೊತೆಗೇ ನಡೆಯತೊಡಗಿತು. ಮುಂದಿನ ಸಲ ಕುರಿ ನೋಡಲು ಬಂದಾಗ ಕೆಂಚಯ್ಯನವರು ವರದಿ ಒಪ್ಪಿಸಿದರು. ಚಾರ್ಜಿಗೆ ಹಾಕಿ ಎಂದು ಫೋನು ಹೇಳಿದರೆ ಬೀರಮ್ಮ, "ಹೂಂ ಕಣವ್ವ, ಹಾಕ್ತೀನಿ" ಎನ್ನುತ್ತಾರಂತೆ. ಎದ್ದೇಳಿ ಎಂದರೆ, "ಎದ್ದೆ ಕಣೇ, ಎದ್ದೆ" ಎನ್ನುತ್ತಾರಂತೆ. ನೆಂಟರು ಬಂದಾಗ, "ಈ ಹುಡ್ಗಿ ಎಷ್ಟ್ ಮರ್ಯಾದೆಯಾಗಿ ಹೇಳ್ತಾಳೆ ನೋಡು, ಒಳ್ಳೆ ಮನೆತನದೋಳು" ಎಂದು ಕೇಳಿಸುತ್ತಾರಂತೆ.

ಮಾಲಿನಿ ಕೇಳುತ್ತಾ ಮೊಬೈಲ್ ಕವರುಗಳನ್ನು ಜೋಡಿಸುತ್ತಿದ್ದಳು. ಅವು ಮೊದಲೇ ಜೋಡಿಸಿಯೇ ಇದ್ದವು. ಮಾವ ಹೋದ ಮೇಲೆ, "ಫೋನಿಗೆ ಹೂಂ ಅಂತಾರಂತೆ. ನಾನು ಹೋಗಿ ನಿಂತ್ರೆ ಹಸೂನ ನೋಡ್ತಾರೆ" ಎಂದಳು. ಅವಳ ದನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನನಗೆ ಬೀರಮ್ಮನ ಮೇಲೆ ವಿಪರೀತ ಸಿಟ್ಟು ಬಂತು. ಆ ಸಿಟ್ಟನ್ನು ಗೊರಿಲ್ಲಾ ಗ್ಲಾಸ್ ಹಾಕಿಸಲು ಬಂದವನ ಮೇಲೆ ತೀರಿಸಿಕೊಂಡೆ.

ವರ್ಷಗಳು ಹೀಗೆಯೇ ಹೋದವು. ತಾರೋ ಈಗ ಗಾಜಿನ ಕಟ್ಟಡಕ್ಕೆ ಹೋಗಿತ್ತು. ಅಲ್ಲಿ ಕಂಪನಿಯ ದನಿ ಹೇಗಿರಬೇಕು ಎಂದು ಯೋಚಿಸುವುದಕ್ಕೇ ಸಂಬಳ ಕೊಟ್ಟು ಜನರನ್ನಿಟ್ಟಿದ್ದರು. ತಮ್ಮ ಫೋನು "ಐತೆ" ಎನ್ನುತ್ತದೆ ಎಂಬುದು ಗೊತ್ತಾಗಿ ಅವರಿಗೆ ಗಾಬರಿಯಾಯಿತು. ಹೊಸ ಮಾಡೆಲ್ಲಿನಲ್ಲಿ ದನಿ ಬದಲಾಯಿತು. ಅದು ಚೆನ್ನಾಗಿಯೇ ಇತ್ತು, ವಿಮಾನದಲ್ಲಿ ಬೆಲ್ಟು ಕಟ್ಟಿಕೊಳ್ಳಿ ಎನ್ನುವವರ ದನಿಯ ಹಾಗೆ. ಮಾಲಿನಿಗೆ ಯಾರೂ ತಿಳಿಸಲಿಲ್ಲ. ಡಬ್ಬ ಬಿಚ್ಚಿ, ಬಟನ್ ಒತ್ತಿ ಅವಳೇ ತಿಳಿದುಕೊಂಡಳು.

ಮೊನ್ನೆ ಕಾರ್ತಿಕದಲ್ಲಿ, ಮಾಲಿನಿ ಊಟಕ್ಕೆ ಮನೆಗೆ ಹೋಗಿದ್ದ ಹೊತ್ತು. ಎತ್ತರದ ಹೆಂಗಸೊಬ್ಬರು ಅಂಗಡಿಗೆ ಬಂದು ಎರಡು ತಾರೋ ಫೋನುಗಳನ್ನು ಮೇಜಿನ ಮೇಲಿಟ್ಟರು. ಒಂದು ಹಳೆಯದು, ಇನ್ನೊಂದು ಹೊಚ್ಚಹೊಸದು.

"ಕಣಕಟ್ಟೆಯಿಂದ ಬಂದಿವ್ನಿ. ನನ್ನೆಸ್ರು ಬೀರಮ್ಮ" ಎಂದರು. "ಹಳೇದು ದನದ ಕಲಗಚ್ಚಿನ ಬಾನಿಗೆ ಬಿದ್ದೋಯ್ತು. ಅರಸೀಕೆರೇಲಿ ಮಗಳು ಇದನ್ನ ಕೊಡ್ಸಿದ್ಲು. ಇದ್ರಾಗೆ ಇರೋಳು ಬ್ಯಾರೆ. ನಂಗೆ ಹಳೇ ಹುಡ್ಗಿನೇ ಬೇಕು."

ಹಳೆಯದನ್ನು ಬಿಚ್ಚಿದೆ. ಒಳಗೆ ಹಸುವಿನ ಮೇವಾಗಬಹುದಾದಷ್ಟು ಹಿಂಡಿ ಇತ್ತು. "ಇದು ಏಳಲ್ಲ. ಆ ಮಾಡೆಲ್ ಬರೋದೂ ನಿಂತೋಗಿದೆ" ಎಂದೆ. ಅವರ ಮುಖ ಇಳಿದುಹೋಯಿತು. ನೋಡಿದರೆ ಪಾಪ ಎನಿಸಿತು, ಅದಕ್ಕೆ ನನ್ನ ಮೇಲೆಯೇ ಸಿಟ್ಟೂ ಬಂತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. "ಆ ಹುಡುಗಿ ಬೇಕಾದ್ರೆ ಸಿಗ್ತಾಳೆ. ಕೆರೆ ಏರಿ ಪಕ್ಕದ ಬೀದೀಲಿ ಅವಳ ಮನೆ. ಅವಳು ಯಾರು ಗೊತ್ತೇನಮ್ಮ ನಿಮಗೆ?"

"ಗೊತ್ತು" ಎಂದರು ಬೀರಮ್ಮ.

ನಾನು ಸ್ಕ್ರೂಡ್ರೈವರ್ ಕೆಳಗಿಟ್ಟೆ.

"ಮೊದಲ್ನೇ ದಿನಾನೇ ಗೊತ್ತಾಯ್ತು ಕಣಪ್ಪ. ನಮ್ಮ ಹಸೂಗೆ ಹೋಗ್ಬರ್ತೀವಿ ಅಂದಿದ್ ದನಿನೇ ಅಲ್ವಾ. ಫೋನಿಗೆ ಹೂಂ ಅಂದ್ರೆ ಯಾರ್ ಕೇಳ್ತಾರೆ, ಯಾರ್ ಸೋತಂಗಾಯ್ತು ಅಂತ ಅಂದ್ಕಂಡಿದ್ದೆ. ಈಗ ಒಂದ್ವಾರದಿಂದ ಮನೇಲಿ ನನ್ನ ಏಳು ಅನ್ನೋರಿಲ್ಲ. ನಮ್ಮನೆಯವ್ರು ಕುರಿ ನೋಡಾಕೆ ಹೋಯ್ತಾರೆ. ನಾನೂ ಕುರಿ ನೋಡಾಕೇ ಬಂದೆ ಅಂದ್ಕೋ."

ಅರಸೀಕೆರೆಯಲ್ಲಿ ಬಸ್ ನಿಲ್ದಾಣದಿಂದ ರೈಲ್ವೆ ಸ್ಟೇಷನ್‌ವರೆಗೆ ಮೊಬೈಲ್ ಅಂಗಡಿಗಳೇ. ಅವನ್ನೆಲ್ಲ ದಾಟಿ ಈ ಹೆಂಗಸು ಇಲ್ಲಿಗೆ ಬಂದಿದ್ದರು ಎಂಬುದು ನನ್ನ ತಲೆಗೆ ಹೊಳೆದದ್ದು ಆಗ. ನನ್ನ ಫೋನು ತೆಗೆದು, ಮಾಲಿನಿಯ ನಂಬರ್ ಒತ್ತಿ, ಸ್ಪೀಕರ್ ಹಾಕಿ ಅವರ ಮುಂದೆ ಇಟ್ಟೆ.

"ಹೇಳಿ ಅಣ್ಣ" ಎಂದಳು ಮಾಲಿನಿ.

ಬೀರಮ್ಮ ಫೋನನ್ನೇ ನೋಡುತ್ತಾ ನಿಂತರು. ಅವರ ಹಳೆಯ ಫೋನು ಹೇಳುವುದನ್ನು ಹೇಳಿ ಸುಮ್ಮನಾಗುತ್ತಿತ್ತು, ಉತ್ತರಕ್ಕೆ ಕಾಯುತ್ತಿರಲಿಲ್ಲ. ಇದು ಕಾಯುತ್ತಿತ್ತು.

"ಅಣ್ಣ? ಕೇಳಿಸ್ತಾ ಇಲ್ವಾ?"

ನಾನು ಬಾಯಿ ಮುಚ್ಚಿಕೊಂಡಿದ್ದೆ. ಅದು ನನಗೆ ಸುಲಭದ ಕೆಲಸವಲ್ಲ. ಬೀರಮ್ಮ ಒಮ್ಮೆ ಗೋಡೆಯ ಕಡೆ ನೋಡಿದರು, ಒಮ್ಮೆ ನನ್ನ ಕಡೆ ನೋಡಿದರು. ನನ್ನ ಮೂಲಕ ಹೇಳಿಸಬಹುದಿತ್ತು, ರೀತಿಯ ಪ್ರಕಾರ ಅದಕ್ಕೆ ಅವಕಾಶವಿತ್ತು. ನಾನು ತಯಾರಾಗಿಯೂ ನಿಂತಿದ್ದೆ. ಅವರು ಫೋನಿನತ್ತ ಬಗ್ಗಿದರು.

"ಏನ್ ಸಾರು?" ಎಂದರು.

ಆ ಕಡೆ ಏನೋ ಪಾತ್ರೆ ಬಿದ್ದ ಸದ್ದಾಯಿತು.

"ಹುರುಳಿಕಾಳಿನ ಬಸ್ಸಾರು ಅತ್ತೆ. ಈಗ ಒಲೆ ಮೇಲಿಟ್ಟೆ."

"ಉಪ್ಪು ಹಾಕಿದ್ಯಾ?"

"ಇನ್ನೂ ಇಲ್ಲ ಅತ್ತೆ."

"ನನ್ ಪಾಲು ತೆಗೆದಿಟ್ಟು ಆಮೇಲ್ ಹಾಕು. ನಂಗೆ ಬೀಪಿ ಐತೆ."

ಮಾಲಿನಿ ಅಳುತ್ತಿದ್ದುದು ಸ್ಪೀಕರಿನಲ್ಲಿ ಕೇಳಿಸುತ್ತಿತ್ತು. ಬೀರಮ್ಮ ಸೆರಗು ಸರಿಮಾಡಿಕೊಂಡು, ಕೆರೆ ಏರಿಗೆ ಯಾವ ಕಡೆ ಹೋಗಬೇಕು ಎಂದು ನನ್ನನ್ನು ಕೇಳಿದರು.