ಮುಂದಿನ ತಾರೀಖು

ತಾರೀಖಿಲ್ಲದೆ ಉಪೇಂದ್ರನಿಗೆ ಯಾವ ಕೆಲಸವೂ ಮುಂದಕ್ಕೆ ಹೋಗುತ್ತಿರಲಿಲ್ಲ. ತಿರುವನಂತಪುರದ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಅವನು ಸೂಪರಿಂಟೆಂಡೆಂಟ್. ಅವನ ಮೇಜಿನಿಂದ ಏಳುವ ಪ್ರತಿ ಫೈಲಿನ ಮೇಲೂ ಒಂದು ಚೀಟಿ ಇರುತ್ತಿತ್ತು, ಚೀಟಿಯಲ್ಲಿ ಆ ಫೈಲು ಮತ್ತೆ ಮೇಜಿಗೆ ಬರಬೇಕಾದ ದಿನ. ದಿನ ಬರೆಯದ ಫೈಲು ಬೀರುವಿನಲ್ಲಿ ಸತ್ತ ಹಾಗೆ ಎಂದು ಹೊಸದಾಗಿ ಸೇರಿದವರಿಗೆ ಪಾಠ ಬೇರೆ ಹೇಳುತ್ತಿದ್ದ. ಫೈಲುಗಳ ಮಟ್ಟಿಗೆ ಅದು ಸರಿಯೇ. ಅಂಥದ್ದೇ ಚೀಟಿಯನ್ನು ಹತ್ತು ವರ್ಷದ ಮಗಳಿಗೂ ಅಂಟಿಸಲು ಹೋದನಲ್ಲ, ಅಲ್ಲಿ ಎಡವಿದ.

ಮಗಳು ಸಮೀಕ್ಷಾ ಮತ್ತು ಹೆಂಡತಿ ಸುಮಿತ್ರ ಇದ್ದದ್ದು ಕೊಚ್ಚಿಯ ಕಲೂರಿನಲ್ಲಿ. ಸುಮಿತ್ರ ಪಾಲಾರಿವಟ್ಟಂನ ಬ್ಯಾಂಕಿನಲ್ಲಿ ಅಧಿಕಾರಿ. ಶುಕ್ರವಾರ ಸಂಜೆಯ ರೈಲು ಹತ್ತಿ ಹೋಗುವುದು, ಸೋಮವಾರ ಬೆಳಗಿನ ರೈಲಿಗೆ ವಾಪಸಾಗುವುದು, ಮೂರು ವರ್ಷ ಹೀಗೇ ನಡೆದಿತ್ತು. ಎರಡು ಸಾವಿರದ ಇಪ್ಪತ್ತರ ಮಾರ್ಚ್ ಮೂರನೇ ವಾರ ಮಾತ್ರ ಹಣಕಾಸು ವರ್ಷದ ಕೊನೆಯ ಕೆಲಸವೆಂದು ಹೋಗಲಿಲ್ಲ. ಮುಂದಿನ ವಾರ ಖಂಡಿತ ಎಂದು ಫೋನಿನಲ್ಲಿ ಹೇಳಿದ. ಮುಂದಿನ ವಾರದ ಹೊತ್ತಿಗೆ ದೇಶದಲ್ಲೇ ರೈಲು ಓಡುತ್ತಿರಲಿಲ್ಲ.

ಲಾಕ್‌ಡೌನಿನ ಆದೇಶದಲ್ಲಿ ಏಪ್ರಿಲ್ ಹದಿನಾಲ್ಕರವರೆಗೆ ಎಂದಿತ್ತು. ಸರ್ಕಾರ ಬರೆದು ಸಹಿ ಹಾಕಿದ ತಾರೀಖನ್ನು ಉಪೇಂದ್ರ ದೇವರ ಪ್ರಸಾದದಂತೆ ಕಣ್ಣಿಗೊತ್ತಿಕೊಂಡು ಮಗಳಿಗೆ ದಾಟಿಸಿದ. ಅವಳು ಅಡುಗೆಮನೆಯ ಮಲಯಾಳಂ ಕ್ಯಾಲೆಂಡರಿನಲ್ಲಿ ಹದಿನಾಲ್ಕರ ಸುತ್ತ ಕೆಂಪು ಸ್ಕೆಚ್ ಪೆನ್ನಿನಿಂದ ಗೆರೆ ಎಳೆದಳು. ಹದಿನಾಲ್ಕು ಹೋಗಿ ಮೇ ಮೂರು ಬಂತು, ಇನ್ನೊಂದು ಸುತ್ತು. ಮೇ ಮೂರರಂದು ಅವಳು ಸ್ನಾನ ಮಾಡಿ, ಜಡೆ ಹಾಕಿಸಿಕೊಂಡು ಬೆಳಗಿನಿಂದ ಮೆಟ್ಟಿಲ ಮೇಲೆ ಕೂತಿದ್ದಳಂತೆ. ಆಮೇಲೆ ಮೇ ಹದಿನೇಳು. ಅದೂ ಕೈಕೊಟ್ಟ ಸಂಜೆ ಕ್ಯಾಲೆಂಡರನ್ನು ಗೋಡೆಯ ಕಡೆಗೆ ತಿರುಗಿಸಿ ನೇತುಹಾಕಿದಳು. ಅಪ್ಪನ ಫೋನೆಂದರೆ ಎದ್ದು ಬಾಲ್ಕನಿಗೆ ಹೋಗತೊಡಗಿದಳು.

ಸುಮಿತ್ರ ದಿನವಿಡೀ ಮಾಸ್ಕ್ ಹಾಕಿಕೊಂಡು ಕೌಂಟರಿನಲ್ಲಿ ಕೂತು ಸೋತು ಬಂದಿರುತ್ತಿದ್ದಳು. ಮಾತು ಬೆಳೆಸಲು ಅವಳಿಗೆ ತ್ರಾಣವಿರಲಿಲ್ಲ.

"ಅವಳಿಗೆ ನೀವು ಬರ್ಲಿಲ್ಲ ಅಂತ ಕೋಪ ಅಲ್ಲ ಕಣ್ರೀ. ನೀವು ಏನು ಹೇಳಿದ್ರೂ ಸುಳ್ಳು ಅಂತ ಆಗ್ಬಿಟ್ಟಿದೆ," ಎಂದಳು.

ಈ ಮಾತು ಎದೆಗೆ ನಾಟಿತು. ಅವತ್ತಿನಿಂದ ಉಪೇಂದ್ರ ಕೂತಲ್ಲಿ ಕೂರಲಿಲ್ಲ. ತಿರುವನಂತಪುರದ ವಂಚಿಯೂರಿನ ಬಾಡಿಗೆ ಕೋಣೆಯಲ್ಲಿ ಬಾಗಿಲಿನಿಂದ ಕಿಟಕಿಗೆ ಒಂಬತ್ತು ಹೆಜ್ಜೆ, ಕಿಟಕಿಯಿಂದ ಬಾಗಿಲಿಗೆ ಒಂಬತ್ತು ಹೆಜ್ಜೆ. ಜಿಲ್ಲೆ ದಾಟುವ ಪಾಸಿಗೆ ಎರಡು ಸಲ ಅರ್ಜಿ ಹಾಕಿದ್ದ; ಕಾರಣ ಸಾಲದೆಂದು ಎರಡೂ ತಿರಸ್ಕೃತವಾಗಿದ್ದವು. ಮೂರನೆಯದನ್ನು ಬರೆಯುತ್ತಿರುವಾಗ ಕಚೇರಿಯಿಂದ ಫೋನು ಬಂತು: ಪಕ್ಕದ ಮೇಜಿನ ಕಾರ್ತಿಕೇಯನಿಗೆ ಪಾಸಿಟಿವ್, ನೀವೂ ಹದಿನಾಲ್ಕು ದಿನ ಕೋಣೆ ಬಿಟ್ಟು ಹೊರಬರಬೇಡಿ.

ಊಟ ಕೆಳಗಿನ ಮನೆಯಿಂದ ಬರುತ್ತಿತ್ತು. ಮನೆಯ ಒಡತಿ ಕಮಲ ಚೇಚಿ, ಅಂದರೆ ಕಮಲಕ್ಕ, ನಿವೃತ್ತ ಟೀಚರ್, ಗಂಜಿಯ ತೂಗುಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟು ಕೂಗಿ ಹೇಳಿ ಇಳಿದು ಹೋಗುತ್ತಿದ್ದರು. ಅವರ ಮಗ ರಂಜಿತ್ ದುಬೈಯಲ್ಲಿ ಕೆಲಸ ಕಳೆದುಕೊಂಡು, ಊರಿಗೆ ಬರುವ ವಿಮಾನದ ಪಟ್ಟಿಯಲ್ಲಿ ಹೆಸರು ಬರೆಸಿ ಕೂತಿದ್ದ. ಬೆಳಿಗ್ಗೆ ಬಿಸಿಲು ಬಿದ್ದರೆ ಸಾಕು, ಚೇಚಿ ಮಗನ ಹಾಸಿಗೆ ದಿಂಬನ್ನು ಅಂಗಳದ ಕಟ್ಟೆಯ ಮೇಲೆ ಒಣಹಾಕುವರು. ಸಂಜೆ ತಟ್ಟಿ, ಮಡಚಿ ಒಳಗೊಯ್ಯುವರು. ಕಿಟಕಿಯಿಂದ ಇದನ್ನೇ ನೋಡಿ ನೋಡಿ ಉಪೇಂದ್ರನಿಗೆ ರೇಗಿತು. ಟಿಕೆಟ್ ಆಗಿದೆಯೇ, ಯಾವ ತಾರೀಖು ಎಂದು ಮೇಲಿನಿಂದಲೇ ಕೇಳಿದ.

"ವರುಂ," ಎಂದರು ಚೇಚಿ. ಬರ್ತಾನೆ, ಅಷ್ಟೇ.

ಯಾವಾಗ ಎಂದು ಇವನು ಬಿಡಲಿಲ್ಲ. ಅದು ತನಗೆ ಹೇಗೆ ಗೊತ್ತಾಗಬೇಕು ಎಂದು ಅವರು ದಿಂಬು ತಿರುವಿ ಹಾಕಿದರು. ಈ ತಿಂಗಳು ಬರಲಾರ, ಓಣಂಗೂ ಆಗದೇ ಹೋಗಬಹುದು. ಆದರೆ ಬಂದ ದಿನ ಹಾಸಿಗೆ ಮುಗ್ಗಲು ವಾಸನೆ ಹೊಡೆಯಬಾರದಲ್ಲ ಎಂದರು.

ಎಂಥ ಬೇಜವಾಬ್ದಾರಿ ಉತ್ತರ ಎಂದುಕೊಂಡ ನಮ್ಮ ಸೂಪರಿಂಟೆಂಡೆಂಟ್. ಮೊಬೈಲಿನಲ್ಲಿ ಹೊಸ ಆದೇಶ ಆಗಲೇ ಬಂದಿತ್ತು, ಮೇ ಮೂವತ್ತೊಂದು. ನಾಲಗೆಯ ತುದಿಯಲ್ಲಿ ಅದನ್ನಿಟ್ಟುಕೊಂಡು ಎರಡು ದಿನ ಒಂಬತ್ತು ಹೆಜ್ಜೆ ನಡೆದ. ಕಿಟಕಿಯ ಬಳಿ ಬಂದಾಗೆಲ್ಲ ಕೆಳಗೆ ಆ ದಿಂಬು ಕಾಣುತ್ತಿತ್ತು.

ಮೂರನೆಯ ದಿನ ಸಮೀಕ್ಷಾ ಫೋನಿಗೆ ಬಂದಳು. ಅಪ್ಪನನ್ನು ಕೋಣೆಯಲ್ಲಿ ಇರಿಸಿದ್ದಾರೆಂದು ಅಮ್ಮನಿಂದ ತಿಳಿದು ಹೆದರಿದ್ದಳು. ಕನ್ನಡ ಪೂರಾ ಅರ್ಥವಾದರೂ ಮಲಯಾಳದಲ್ಲೇ ಉತ್ತರಿಸುವ ಹುಡುಗಿ ಅವಳು. ಕನ್ನಡದಲ್ಲಿ ಮಾತಾಡು ಎಂದು ಅವನು ಗದರುವುದು ವಾಡಿಕೆ. ಜ್ವರ ಇದೆಯಾ ಎಂದು ಕೇಳಿದಳು. ಇಲ್ಲ ಎಂದ. ಆಮೇಲೆ ನಂಬಿಕೆಯಿಲ್ಲದ ದನಿಯಲ್ಲಿ, ಯಾವಾಗ ಬರುವುದು ಎಂದು ಕೇಳಿದಳು:

"ಎಪ್ಪೋ ವರುಂ?"

ಮೂವತ್ತೊಂದು ಎಂದು ಬಾಯಿಗೆ ಬಂದದ್ದನ್ನು ಉಪೇಂದ್ರ ನುಂಗಿಕೊಂಡ.

"ಯಾವತ್ತು ಅಂತ ನಂಗೆ ಗೊತ್ತಿಲ್ಲ ಮಗಳೇ. ಇಷ್ಟು ದಿನ ಗೊತ್ತಿರೋ ಹಾಗೆ ಹೇಳಿದ್ದು ನನ್ನ ತಪ್ಪು. ಮಳೆಗಾಲನೂ ಬಂದ್ಬಿಡಬಹುದು. ಆದ್ರೆ," ಎಂದು ತಡೆದು, ತಾನು ಯಾವತ್ತೂ ಅವಳೊಡನೆ ಆಡದ ಭಾಷೆಯಲ್ಲಿ ಹೇಳಿದ, "ವರುಂ."

ಅವಳು ಫೋನು ಇಡಲಿಲ್ಲ. ಅವನು ಚೇಚಿ ಮಗನ ಹಾಸಿಗೆ ದಿಂಬು ಒಣಹಾಕುವ ಕತೆ ಹೇಳತೊಡಗಿದ. ಅವಳು ಕೊನೆಯವರೆಗೂ ಕೇಳಿ, ಊಟಕ್ಕೆ ಹೋಗಬೇಕು ಎಂದು ಹೋದಳು. ಮಗಳು ಒಪ್ಪಿದಳೋ ಇಲ್ಲವೋ ತಿಳಿಯದೆ ಅವನು ಮತ್ತೆ ನಡೆಯತೊಡಗಿದ.

ಭಾನುವಾರ ಮಧ್ಯಾಹ್ನ ಸುಮಿತ್ರಳ ಮೊಬೈಲಿನಿಂದ ಒಂದು ಫೋಟೋ ಬಂತು. ಕಲೂರಿನ ಬಾಲ್ಕನಿಯ ಕಂಬಿಯ ಮೇಲೆ, ಎರಡು ಕ್ಲಿಪ್ಪು ಹಾಕಿದ ಅವನ ದಿಂಬು. ಉಪೇಂದ್ರನ ಕಣ್ಣು ಮಂಜಾಯಿತು. ಒರೆಸಿಕೊಂಡು ನೋಡಿದರೆ ದಿಂಬಿನ ಹಿಂದೆ ಕಪ್ಪಗೆ ಮೋಡ ಕಟ್ಟಿತ್ತು. ಗಾಬರಿಯಾಗಿ ಫೋನು ಮಾಡಿ, ಮಳೆ ಬರೋ ಹಾಗಿದೆ, ಎತ್ತಿ ಒಳಗಿಡು ಎಂದ.

ಮಗಳ ಉತ್ತರ ಎಂದಿನಂತೆ ಮಲಯಾಳದಲ್ಲೇ ಬಂತು. ಮಳೆ ಆಗಲೇ ಬಂತು, ದಿಂಬಿನ ಒಂದು ಮೂಲೆ ನೆನೆದೂ ಹೋಯಿತು, ನಾಳೆ ಬಿಸಿಲು ಬಂದರೆ ಮತ್ತೆ ಹಾಕುತ್ತೇನೆ ಎಂದಳು.